ಕುಮಾಸಿಯ ಶನಿವಾರಗಳು

17 ನವೆಂಬರ್ 2024, ಭಾನುವಾರ

ನಿನ್ನೆ ಮತ್ತೊಂದು ಸಾವಿನ ಕಾರ್ಯಕ್ಕೆ ಹೋಗಿದ್ದೆವು. ಲಂಡನ್ ಬಿಟ್ಟು ಇವರ, ಅಂದರೆ ನನ್ನ ಗಂಡನ, ಊರಾದ ಕುಮಾಸಿಗೆ ಬಂದ ಮೇಲೆ ನಮ್ಮ ಶನಿವಾರಗಳು ಹೆಚ್ಚಾಗಿ ಹೀಗೇ ಹೋಗುತ್ತಿವೆ. ಮಂಗಳೂರಿನಿಂದ ಅಕ್ಕ ಫೋನ್ ಮಾಡಿದಾಗಲೆಲ್ಲ "ವಾರ ವಾರ ಯಾರು ಮಾರಾಯ್ತಿ ಸಾಯೋದು ಅಲ್ಲಿ?" ಅಂತ ಕೇಳುತ್ತಾಳೆ.

ಘಾನಾದ ಈ ಅಸಾಂಟೆ ಸೀಮೆಯಲ್ಲಿ ಸತ್ತವರನ್ನು ಕೂಡಲೇ ಮಣ್ಣು ಮಾಡುವುದು ಕಡಿಮೆ. ಹೆಣ ಶವಾಗಾರದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಹ್ಯಾಂಬರ್ಗ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಇರುವ ಮಕ್ಕಳು ರಜೆ ಹಾಕಿ ಬರಬೇಕು, ದುಡ್ಡು ಹೊಂದಿಸಬೇಕು, ಸತ್ತವರ ದೊಡ್ಡ ಫೋಟೊ ಇರುವ ಪೋಸ್ಟರ್ ಊರಿಡೀ ಅಂಟಿಸಬೇಕು. ಆಮೇಲೆ ಒಂದು ಶನಿವಾರ ಗೊತ್ತು ಮಾಡುತ್ತಾರೆ.

ನಿನ್ನೆಯೂ ಅದೇ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಕಪ್ಪು ಕೆಂಪು ಬಟ್ಟೆಯ ಜನ. ಬಂದವರು ಸುಮ್ನೆ ಹೋಗಿ ಕೂರುವ ಹಾಗಿಲ್ಲ. ಕುಳಿತವರ ಸಾಲಿನ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಕುಲುಕುತ್ತಾ ಹೋಗಬೇಕು, ಅದೂ ಬಲಗೈಯಲ್ಲೇ. ಇವರ ಹಿಂದೆ ನಾನು. ನಡುವೆ ಒಬ್ಬ ಅಜ್ಜಿ ಇವರ ಕೈ ಹಿಡಿದವಳು ಬಿಡಲೇ ಇಲ್ಲ. ನಿಮ್ಮ ದೊಡ್ಡಮ್ಮ ಹೋದಾಗ ಎಲ್ಲಿದ್ದೆ, ಅವಳ ಮಗ ಹೋದಾಗ ಎಲ್ಲಿದ್ದೆ ಅಂತ ಟ್ವಿ ಭಾಷೆಯಲ್ಲಿ ಒಂದೊಂದೇ ಸಾವಿನ ಹೆಸರು ಹೇಳಿ ಕೇಳಿದಳು. ಪ್ರತಿಯೊಂದಕ್ಕೂ ಇವರದು ಒಂದೇ ಉತ್ತರ, ದುಡ್ಡು ಕಳಿಸಿದ್ದೆ ಅಂತ. "ದುಡ್ಡು ಬಂತು" ಅಂದಳು ಅಜ್ಜಿ. ಅಷ್ಟೇ. ಬೈಯಲಿಲ್ಲ. ಪಕ್ಕದ ಹುಡುಗನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಇವರನ್ನು ಕೂರಿಸಿಕೊಂಡಳು, ಊಟದವರೆಗೂ ಏಳಲು ಬಿಡಲಿಲ್ಲ.

ದುಡ್ಡು ಬಂದಿದ್ದು ನಿಜ. ಕಾರ್ಯದಲ್ಲಿ ಒಂದು ಮೇಜು ಹಾಕಿರುತ್ತಾರೆ. ಅಲ್ಲಿ ಎನ್ಸಾವಾ, ಅಂದರೆ ಮುಯ್ಯಿಯ ಹಣ ಕೊಟ್ಟರೆ ರಸೀದಿ ಬರೆದುಕೊಡುತ್ತಾರೆ, ಹೆಸರು ಮತ್ತು ಮೊತ್ತವನ್ನು ಮೈಕಿನಲ್ಲಿ ಕೂಗುತ್ತಾರೆ. ಇಷ್ಟು ವರ್ಷ ಲಂಡನ್‌ನಿಂದ ಕಳಿಸಿದಾಗಲೆಲ್ಲ ಇವರ ಹೆಸರು ಮೈಕಿನಲ್ಲಿ ಕೇಳಿಸುತ್ತಿತ್ತು, ಕುರ್ಚಿ ಮಾತ್ರ ಖಾಲಿ. ಆ ಖಾಲಿ ಕುರ್ಚಿಗಳ ಲೆಕ್ಕವನ್ನು ಇಲ್ಲಿ ಯಾರೂ ಮರೆತಿಲ್ಲ.

ನನಗೆ ಇದು ತೀರಾ ಪರಕೀಯ ಅನಿಸುವುದಿಲ್ಲ. ನಾನು ಹುಟ್ಟಿದ್ದು ಅಳಿಯಸಂತಾನದ ಮನೆಯಲ್ಲಿ. ಇಲ್ಲೂ ಕುಟುಂಬ ಅಂದರೆ ತಾಯಿಯ ಕಡೆಯದು, ಅದಕ್ಕೆ ಅಬುಸುವಾ ಅನ್ನುತ್ತಾರೆ. ಸೋದರಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳ ಕಡೆ ಹೋಗುತ್ತಿತ್ತು. ಉಯಿಲು ಬರೆಯದೆ ಸತ್ತವನ ಸ್ವಂತ ಗಳಿಕೆಯಲ್ಲಿ ಹೆಂಡತಿ ಮಕ್ಕಳಿಗೆ ದೊಡ್ಡ ಪಾಲು ಕೊಡುವ ಕಾನೂನು ಬಂದಿದ್ದು 1985ರಲ್ಲಿ. ನಮ್ಮಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ ಮಾವಂದಿರ ಮಾತಿಗೆ ತೂಕ ಉಳಿದಿತ್ತಲ್ವಾ, ಇಲ್ಲೂ ಹಾಗೇ. ಸಾವಿನ ಕಾರ್ಯದ ದಿನ ಯಾವುದು, ಯಾರು ಎಷ್ಟು ಹಾಕಬೇಕು, ಎಲ್ಲ ತೀರ್ಮಾನ ಅಬುಸುವಾದ್ದು. ಹೆಂಡತಿಯಾದ ನಾನು ಆ ಸಭೆಯಲ್ಲಿ ಹೊರಗಿನವಳೇ.

ಬಂದ ಹೊಸತರಲ್ಲಿ ಇವರು ಆ ಸಭೆಯಲ್ಲಿ ಖರ್ಚು ಕಡಿಮೆ ಮಾಡೋಣ ಅಂದಿದ್ದರು. "ನೀನು ನೆನ್ನೆ ಬಂದವನು, ಕೂತು ನೋಡು" ಅಂದರಂತೆ ಹಿರಿಯರೊಬ್ಬರು. ಆ ರಾತ್ರಿ ಇವರು ಊಟ ಮಾಡಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ನೆನ್ನೆ ಬಂದವನು ಅನ್ನಿಸಿಕೊಳ್ಳುವುದು ಸಣ್ಣ ನೋವಲ್ಲ.

2019ರಲ್ಲಿ ಘಾನಾ ಸರ್ಕಾರ 'ಇಯರ್ ಆಫ್ ರಿಟರ್ನ್', ಅಂದರೆ ಮರಳಿ ಬರುವ ವರ್ಷ ಅಂತ ಮಾಡಿತ್ತು. 1619ರಲ್ಲಿ ಮೊದಲ ಆಫ್ರಿಕನ್ನರನ್ನು ವರ್ಜೀನಿಯಾಕ್ಕೆ ಒಯ್ದು 400 ವರ್ಷವಾಗಿತ್ತು. ಗುಲಾಮರಾಗಿ ಮಾರಾಟವಾದವರ ಮೊಮ್ಮಕ್ಕಳ ಮೊಮ್ಮಕ್ಕಳು ಅಮೆರಿಕದಿಂದ ಬಂದರು, ಇಲ್ಲಿನ ಕರಾವಳಿಯ ಕೋಟೆಗಳಲ್ಲಿ ನಿಂತು ಅತ್ತರು. ಅದು ಆಗಲೇಬೇಕಿತ್ತು. ಆದರೆ ಇಲ್ಲೇ ಹುಟ್ಟಿ ಹೊಟ್ಟೆಪಾಡಿಗೆ ಹೋಗಿ, ಅರ್ಧ ಆಯಸ್ಸು ಅಲ್ಲೇ ಕಳೆದು ತಿರುಗಿ ಬಂದವರ ಕಥೆ ಬೇರೆ. ಇವರನ್ನು ವಾಪಸ್ ಸೇರಿಸಿಕೊಳ್ಳಬೇಕಾದದ್ದು ಅಬುಸುವಾ, ಮತ್ತು ಅದಕ್ಕೆ ಅವಸರವಿಲ್ಲ. ಮನೆ ಕಟ್ಟಿಸುವುದು ಸುಲಭ, ಸಿಮೆಂಟಿಗೆ ದುಡ್ಡಿದ್ದರೆ ಆಯಿತು.

ಖರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮಕ್ಕಳ ಶಾಲೆ ಫೀಸಿಗೆ ಒದ್ದಾಡುವ ಮನೆಯವರು ಶವಪೆಟ್ಟಿಗೆ, ಬ್ಯಾಂಡು, ಊಟ ಅಂತ ಸಾಲ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿನವರೇ ಎಷ್ಟೋ ಜನ ಇದನ್ನು ಹೇಳುತ್ತಾರೆ. ಆದರೆ ವಾರ ವಾರ ಹೋಗಿ ಕೂರುವುದಕ್ಕೆ ನನ್ನ ತಕರಾರಿಲ್ಲ, ಯಾಕಂದರೆ ಬದುಕಿರುವವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು ಅಲ್ಲೇ. ನಿನ್ನೆ ಆ ಅಜ್ಜಿ ಇವರ ಹತ್ತಿರ ತನ್ನ ಮೊಣಕಾಲು ನೋವು, ಮೊಮ್ಮಗನ ಕೆಲಸ, ತೋಟದ ಗಡಿ ಜಗಳ ಎಲ್ಲ ಹೇಳಿಕೊಂಡಳು. ಮೊದಲು ಬರೀ ದುಡ್ಡು ಕೇಳುತ್ತಿದ್ದವರು ಈಗ ಸಲಹೆ ಕೇಳುತ್ತಿದ್ದಾರೆ.

ಮುಂದಿನ ಶನಿವಾರ ಮಾಂಪಾಂಗ್‌ನಲ್ಲಿ, ಇವರ ತಾಯಿಯ ಕಡೆಯದೇ ಇನ್ನೊಂದು. ಅದರ ಸಭೆ ನಾಡಿದ್ದು. ಊಟಕ್ಕೆ ಇಷ್ಟು, ಮಕ್ಕಳ ಫೀಸಿಗೆ ಇಷ್ಟು ತೆಗೆದಿಡಬೇಕು ಅಂತ ಇವರು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಈ ಸಲ ಕೂತು ನೋಡು ಅಂತ ಯಾರೂ ಹೇಳಲಾರರು ಅಂತ ನನ್ನ ನಂಬಿಕೆ. ಹೇಳಿದರೂ ಆ ಅಜ್ಜಿ ಇವರ ಪರವಾಗಿ ಮಾತಾಡುತ್ತಾಳೆ. ನಿನ್ನೆ ಹೊರಡುವಾಗ ಹಾಗಂತ ಮಾತು ಕೊಟ್ಟಿದ್ದಾಳೆ.