ಕಟ್ಟದಂತೆ ತಡೆದವರ ಕೆಲಸ ಗುರುತಿಸುವುದು ಹೇಗೆ?

ಸೆಪ್ಟೆಂಬರ್ 15ರ ಎಂಜಿನಿಯರ್ ದಿನದಂದು ಶಾಲು ಬೀಳುವುದು ರಸ್ತೆ, ಸೇತುವೆ, ನೀರಿನ ಟ್ಯಾಂಕ್ ಕಟ್ಟಿಸಿದವರ ಹೆಗಲಿಗೆ. ಅನಧಿಕೃತ ಮೂರನೇ ಮಹಡಿ ಏಳದಂತೆ ನೋಡಿಕೊಂಡ ಪಾಲಿಕೆಯ ಜೆಇ (ಕಿರಿಯ ಎಂಜಿನಿಯರ್) ಹೆಸರು ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಏಳದ ಮಹಡಿಯ ಫೋಟೊ ಎಲ್ಲಿಂದ ತರುವುದು? ಹಾಗಾಗಿ ಎಣಿಸಲು ಸುಲಭವಾದದ್ದನ್ನೇ ಎಣಿಸುತ್ತೇವೆ: ಎಷ್ಟು ನೋಟಿಸ್, ಎಷ್ಟು ದಂಡ, ಎಷ್ಟು ಕಡೆ ಜೆಸಿಬಿ. ಈ ಲೆಕ್ಕವೇ ತಲೆಕೆಳಗು. ಜೆಸಿಬಿ ಕಳಿಸಬೇಕಾಯಿತು ಎಂದರೆ ಪಾಯದ ಹಂತದಲ್ಲಿ ಯಾರೂ ಹೋಗಿರಲಿಲ್ಲ, ಅಥವಾ ಹೋದವರ ಮಾತಿಗೆ ಮೇಲಿನವರು ಬೆನ್ನು ಕೊಡಲಿಲ್ಲ ಎಂದೇ ಬಹುಪಾಲು ಅರ್ಥ.

ಆದ್ದರಿಂದ ತಡೆದವರ ಕೆಲಸ ಅಳೆಯುವಾಗ ಮೊದಲು ನೋಡಬೇಕಾದದ್ದು ತಪಾಸಣೆಯ ದಿನಾಂಕ. ಪಾಯಕ್ಕೆ ಸುಣ್ಣದ ಗೆರೆ ಎಳೆದಿರುವಾಗ ತಪ್ಪು ಸಿಕ್ಕರೆ ಅಳಿಸಿ ಮತ್ತೆ ಎಳೆದರಾಯಿತು. ಪಿಲ್ಲರ್ ನಿಂತ ಮೇಲೆ ಕಾಂಕ್ರೀಟ್ ಒಡೆಯಬೇಕು. ಸ್ಲ್ಯಾಬ್ ಬಿದ್ದ ಮೇಲೆ ಕೋರ್ಟು.

ಗೆರೆಯ ಹಂತದಲ್ಲಿ ಬಲ್ಲವರು ಮೊದಲು ಅಳೆಯುವುದು ಸೈಟನ್ನು, ಕಟ್ಟಡವನ್ನಲ್ಲ. ನಾಲ್ಕು ಬದಿಯ ಜೊತೆಗೆ ಎರಡೂ ಕರ್ಣ. 30×40 ಅಡಿಯ ಸೈಟಿನ ಮೂಲೆಗಳು ಸರಿಯಿದ್ದರೆ ಕರ್ಣ ಸರಿಯಾಗಿ 50 ಅಡಿ ಬರಬೇಕು, ಒಂದು 49.5 ಬಂದು ಇನ್ನೊಂದು 50 ದಾಟಿದರೆ ಸೈಟೇ ಸೊಟ್ಟ, ಅಲ್ಲಿ ಸೆಟ್‌ಬ್ಯಾಕನ್ನು (ಸೈಟಿನ ಗಡಿಯಿಂದ ಗೋಡೆಯವರೆಗೆ ಖಾಲಿ ಬಿಡಬೇಕಾದ ಜಾಗವನ್ನು) ಒಂದು ಕಡೆ ಅಳೆದು ಬಂದರೆ ಪ್ರಯೋಜನವಿಲ್ಲ, ಎರಡೂ ತುದಿಯಲ್ಲಿ ಅಳೆಯಬೇಕು. ಆಮೇಲೆ ಪಿಲ್ಲರ್. ಗುತ್ತಿಗೆದಾರರು ಹೆಚ್ಚಾಗಿ ಎಡವುವುದು, ಕೆಲವೊಮ್ಮೆ ಬೇಕೆಂದೇ ಎಡವುವುದು, ಇಲ್ಲಿಯೇ. ಪಿಲ್ಲರಿನ ನಡುಗೆರೆಯನ್ನು ಗೋಡೆಯ ಹೊರಮೈ ಎಂದು ತೋರಿಸುತ್ತಾರೆ. 230 ಮಿ.ಮೀ. ಪಿಲ್ಲರಿನ ಅರ್ಧ 11.5 ಸೆಂ.ಮೀ., ಹೊರಗಿನ ಪ್ಲಾಸ್ಟರ್ ಸುಮಾರು 2 ಸೆಂ.ಮೀ.; ಒಟ್ಟು 13.5 ಸೆಂ.ಮೀ. ಖಾಲಿ ಬಿಡಬೇಕಾದ ಜಾಗದೊಳಕ್ಕೆ ಬಂತು. ಬೆಂಗಳೂರಿನ 2003ರ ಕಟ್ಟಡ ಬೈಲಾ ಕೊಟ್ಟ ಸಡಿಲಿಕೆ ಶೇ. 5. 1 ಮೀಟರ್ ಬಿಡಬೇಕಾದಲ್ಲಿ ಅದು ಬರೀ 5 ಸೆಂ.ಮೀ. ಗೋಡೆ ಏಳುವ ಮೊದಲೇ ಉಲ್ಲಂಘನೆ ಆಗಿಹೋಗಿರುತ್ತದೆ.

ಬಾಲ್ಕನಿಗೆ ಷಟರಿಂಗ್ ಹಾಕುವ ಮುನ್ನ ಇನ್ನೊಂದು ಭೇಟಿ ಬೇಕು. 11 ಕೆವಿವರೆಗಿನ ವಿದ್ಯುತ್ ತಂತಿಯಿಂದ ಅಡ್ಡಲಾಗಿ 1.2 ಮೀಟರ್ ಅಂತರ ಇರಬೇಕು, ಅದೂ ಗಾಳಿಗೆ ತಂತಿ ಅತಿ ಹೆಚ್ಚು ಓಲಾಡಿದಾಗಿನ ಲೆಕ್ಕದಲ್ಲಿ. ಸ್ಟೀಲ್ ಟೇಪ್ ಹಿಡಿದು ಇದನ್ನು ಅಳೆಯಲು ಹೋಗಬಾರದು; ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ)ಯವರನ್ನು ಕರೆಸಬೇಕು.

ಎರಡನೆಯದು ಕಡತ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಪಾಲಿಕೆಗಳಲ್ಲಿ 1976ರ ಪೌರನಿಗಮ ಕಾಯ್ದೆಯ ಕಲಂ 321ರ ದಾರಿ ಇದು: ಉಪಕಲಂ (1)ರಡಿ ತಾತ್ಕಾಲಿಕ ಆದೇಶ, (2)ರಡಿ ಕಾರಣ ಕೇಳುವ ನೋಟಿಸ್, (3)ರಡಿ ದೃಢೀಕರಣ. ಅದರ ಮೇಲೆ ಮಾಲೀಕರು ಮೇಲ್ಮನವಿಗೆ ಹೋಗುತ್ತಾರೆ. ಅಲ್ಲಿ ಕಟ್ಟಡಕ್ಕಿಂತ ಮೊದಲು ಕಡತ ಕುಸಿಯುವುದೇ ಹೆಚ್ಚು. ಕಾರಣಗಳು ಸಣ್ಣವು: ತೀರಿಹೋದ ಖಾತೆದಾರರ ಹೆಸರಿಗೆ ನೋಟಿಸ್, ಸ್ವೀಕೃತಿಯಲ್ಲಿ ದಿನಾಂಕ ಇಲ್ಲ, ಸಹಿ ಹಾಕಿದವರಿಗೆ ಆಯುಕ್ತರು ಅಧಿಕಾರ ವಹಿಸಿದ ಆದೇಶದ ಪ್ರತಿ ಇಲ್ಲ, ಮಾಲೀಕರ ಉತ್ತರವನ್ನು ಓದಿದ ಗುರುತೇ ಇಲ್ಲದ ದೃಢೀಕರಣ. ‘ನಕ್ಷೆ ಉಲ್ಲಂಘಿಸಿ ಕಟ್ಟಲಾಗಿದೆ’ ಎಂಬ ಒಂದು ಸಾಲು ಯಾವ ಪೀಠದೆದುರೂ ನಿಲ್ಲದು. ‘ಉತ್ತರ ಬದಿ: ಮಂಜೂರಾತಿ 1.00 ಮೀ., ಸ್ಥಳದಲ್ಲಿ 0.62 ಮೀ., ಕೊರತೆ ಶೇ. 38’ ಎಂದು ಬರೆದು, ಟೇಪ್ ಕಾಣುವಂಥ ಫೋಟೊ ಮತ್ತು ಮಹಜರು ಸೇರಿಸಿದ ಪುಟ ನಿಲ್ಲುತ್ತದೆ.

ಕಟ್ಟಡ ತೆರವಿನ ಬಗ್ಗೆ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಈ ಶಿಸ್ತು ಇನ್ನೂ ಬಿಗಿ. ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಬೇಕು, ಕಟ್ಟಡಕ್ಕೂ ಅಂಟಿಸಬೇಕು, ತಲುಪಿದ ದಿನದಿಂದ ಕನಿಷ್ಠ 15 ದಿನ ಕಾಯಬೇಕು. ಖುದ್ದು ಅಹವಾಲು ಕೇಳಿ ಕಾರಣಸಹಿತ ಆದೇಶ ಮಾಡಿದ ಮೇಲೆ ಮತ್ತೆ 15 ದಿನ. ತೆರವಿನ ವಿಡಿಯೊ ಚಿತ್ರೀಕರಣ ಕಡ್ಡಾಯ. ರಸ್ತೆ, ಫುಟ್‌ಪಾತ್, ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಇದು ಅನ್ವಯಿಸದು.

ಮೂರನೆಯದನ್ನು ಗಮನಿಸುವವರು ತೀರಾ ಕಡಿಮೆ: ಕೆಲಸ ಮುಗಿಯುವ ಮೊದಲೇ ಕೆಳಮಹಡಿ ಬಾಡಿಗೆಗೆ ಹೋಗುವುದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದದ್ದು ನಿರ್ಮಾಣ ಹಂತದಲ್ಲಿದ್ದ ಸಂಕೀರ್ಣ. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ತೆರೆದಿದ್ದವು. 19 ಜನ ಸತ್ತರು. ವಾಸಯೋಗ್ಯ ಪತ್ರ ಇಲ್ಲದ ಕಟ್ಟಡದಲ್ಲಿ ಬೋರ್ಡು ತೂಗಿದ ದಿನವೇ ವರದಿ ಬರೆಯುವ ವಾರ್ಡ್ ಸಿಬ್ಬಂದಿಗೆ ಬೈಗುಳ ಖಚಿತ, ಕಾರ್ಪೊರೇಟರ್ ಫೋನೂ ಖಚಿತ. ಅಂಥ ವರದಿ ಬಂದಾಗ ಮೇಲಧಿಕಾರಿ ಅದೇ ದಿನ ಷರಾ ಬರೆದು ಸಹಿ ಮಾಡುವುದು ಯಾವ ಸನ್ಮಾನಕ್ಕಿಂತ ದೊಡ್ಡದು.

ಪ್ರಶಂಸಾ ಪತ್ರ ಕೊಡುವುದಾದರೆ ‘ಉತ್ತಮ ಸೇವೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಕಡತ ಸಂಖ್ಯೆ, ಯಾವ ಹಂತದಲ್ಲಿ ತಪಾಸಣೆ, ಸರಿಪಡಿಸಿದ ಅಳತೆ ಎಷ್ಟು, ಮೇಲ್ಮನವಿಯಲ್ಲಿ ಆದೇಶ ಉಳಿಯಿತೇ ಎಂಬುದನ್ನು ಬರೆಯಿರಿ. ಮಾಲೀಕರ ಹೆಸರು ಬೇಡ. ಒಂದು ಪ್ರತಿ ಸೇವಾ ಪುಸ್ತಕಕ್ಕೆ ಸೇರಲಿ. ಮತ್ತೆ, ವಾರ್ಡಿಗೊಂದು ಲೇಸರ್ ಮೀಟರ್ ಕೊಡಿಸಿ.