ತಣ್ಣನೆಯ ಪ್ಲಾಸ್ಟಿಕ್ ಮುರಿದಾಗ: ಸರಾಸರಿ ತೆಗೆಯುವ ಮೊದಲು ತುಂಡನ್ನು ನೋಡಿ

ಡೇಟಾಶೀಟಿನಲ್ಲಿ ಎದ್ದು ಕಾಣುವ ಇಂಪ್ಯಾಕ್ಟ್ ಅಂಕಿ (ಪೆಟ್ಟು ತಾಳುವ ಶಕ್ತಿ) ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನದು. ಭಾಗ ದುಡಿಯುವುದು ಮೈನಸ್ 20ರಲ್ಲಾದರೆ ಅದನ್ನು ನಂಬಿ ಪ್ಲಾಸ್ಟಿಕ್‌ನ ಗ್ರೇಡ್ ಆರಿಸಬಾರದು. ಹೋಮೋಪಾಲಿಮರ್ ಪಿಪಿಯ (ಬೇರೇನೂ ಬೆರೆಯದ ಪಾಲಿಪ್ರೊಪಿಲೀನ್) ಗ್ಲಾಸ್ ಟ್ರಾನ್ಸಿಷನ್, ಅಂದರೆ ಅದು ಗಾಜಿನಂತೆ ಬಿರುಸಾಗುವ ತಾಪ, 0 ಡಿಗ್ರಿಯ ಆಸುಪಾಸಿನಲ್ಲೇ ಇದೆ. ಕೋಣೆಯಲ್ಲಿ ಬಾಗಿ ತಾಳಿಕೊಳ್ಳುವ ತುಂಡು ಫ್ರೀಜರ್‌ನಿಂದ ತೆಗೆದು ಹೊಡೆದರೆ ಗಾಜಿನಂತೆ ಸಿಡಿಯುತ್ತದೆ.

ಪೆಟ್ಟು ಬಿದ್ದ ಪ್ಲಾಸ್ಟಿಕ್‌ಗೆ ಎರಡೇ ದಾರಿ. ಒಂದೋ ಅಣುಸರಪಳಿಗಳು ಜಾರಿ ವಸ್ತು ಹಿಗ್ಗಬೇಕು, ಇಲ್ಲವೇ ಬಿರುಕು ಓಡಬೇಕು. ಯಾವುದಕ್ಕೆ ಕಡಿಮೆ ಒತ್ತಡ ಸಾಕೋ ಅದೇ ಮೊದಲು ಆಗುತ್ತದೆ. ತಣ್ಣಗಾದಷ್ಟೂ ಹಿಗ್ಗಲು ಬೇಕಾದ ಒತ್ತಡ ಬೇಗ ಏರುತ್ತದೆ, ಬಿರುಕಿಗೆ ಬೇಕಾದದ್ದು ಅಷ್ಟು ಏರುವುದಿಲ್ಲ. ಇವೆರಡೂ ಸಂಧಿಸುವಲ್ಲಿ ಡಕ್ಟೈಲ್ (ಹಿಗ್ಗಿ ಮುರಿಯುವ) ಮುರಿತ ಬ್ರಿಟಲ್ (ಪೆಡಸಾಗಿ ಸಿಡಿಯುವ) ಆಗುತ್ತದೆ. ಪೆಟ್ಟಿನ ವೇಗ ಹೆಚ್ಚಿದರೆ, ನಾಚ್ (ಕೊರೆದ ಕಚ್ಚು) ಚೂಪಾದರೆ, ಗೋಡೆ ದಪ್ಪವಾದರೆ ಈ ಸಂಧಿ ಬೆಚ್ಚಗಿನ ಕಡೆಗೆ ಸರಿಯುತ್ತದೆ. ಪಾಲಿಕಾರ್ಬೊನೇಟ್‌ನಲ್ಲಿ ಇದು ಸ್ಪಷ್ಟ: ಸುಮಾರು 3 ಮಿ.ಮೀ. ದಪ್ಪದ, ನಾಚ್ ಕೊರೆದ ಪರೀಕ್ಷಾ ಬಾರ್ 23 ಡಿಗ್ರಿಯಲ್ಲಿ ಡಕ್ಟೈಲ್ ಆಗಿ ಮುರಿದರೆ, 6 ಮಿ.ಮೀ. ದಪ್ಪದ್ದು ಅದೇ ಬಿಸಿಯಲ್ಲಿ ಪೆಡಸಾಗಿ ಒಡೆಯಬಹುದು. ದಪ್ಪ ಮಾಡಿದರೆ ಗಟ್ಟಿ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಇನ್ನು ಪರೀಕ್ಷೆ. ಚಾರ್ಪಿಗೆ (ಬೀಸುವ ಹ್ಯಾಮರ್‌ನಿಂದ ಬಾರ್ ಮುರಿದು, ಹೀರಿಕೊಂಡ ಶಕ್ತಿ ಅಳೆಯುವ ಪರೀಕ್ಷೆ) 80 × 10 × 4 ಮಿ.ಮೀ. ಬಾರ್, 45 ಡಿಗ್ರಿ ಕೋನದ ನಾಚ್, ತುದಿಯ ತ್ರಿಜ್ಯ 0.25 ಮಿ.ಮೀ., ನಾಚ್‌ನ ಕೆಳಗೆ ಉಳಿಯುವ ಅಗಲ 8 ಮಿ.ಮೀ. ಕಟರ್ ಮೊಂಡಾದರೆ ನಾಚ್‌ನ ಆಕಾರವೇ ಕೆಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಆಗಾಗ ನೋಡಿ. 23, 0, ಮೈನಸ್ 10, ಮೈನಸ್ 20, ಮೈನಸ್ 30 ಡಿಗ್ರಿಗಳಲ್ಲಿ ತಲಾ ಹತ್ತು ಬಾರ್ ಮುರಿದು, ಬದಲಾವಣೆ ಕಂಡ ಜಾಗದಲ್ಲಿ 5 ಡಿಗ್ರಿಗೊಂದರಂತೆ ಮತ್ತೆ ಮುರಿಯಿರಿ.

ಹೆಚ್ಚು ತಪ್ಪುವುದು ತಣ್ಣಗಾಗಿಸುವುದರಲ್ಲಿ. ಚೇಂಬರಿನ ಡಿಸ್‌ಪ್ಲೇ ತೋರಿಸುವುದು ಗಾಳಿಯ ತಾಪ, ಬಾರ್‌ನದಲ್ಲ. ಒಂದು ಬಾರ್‌ಗೆ ತೂತು ಕೊರೆದು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು, ಮಧ್ಯಭಾಗ ತಲುಪಲು ಎಷ್ಟು ನಿಮಿಷ ಬೇಕೆಂದು ಅಳೆದುಕೊಳ್ಳಿ. ಹೊರತೆಗೆದ ಐದು ಸೆಕೆಂಡಿನೊಳಗೆ ಹೊಡೆದುಬಿಡಿ. ಇಕ್ಕಳವೂ ಅದೇ ಚೇಂಬರಿನಲ್ಲಿರಲಿ, ಹಿಡಿಯುವುದು ಬಾರ್‌ನ ತುದಿಯನ್ನು. ಬೆಚ್ಚನೆಯ ಲೋಹ ನಾಚ್‌ಗೆ ತಾಗಿದರೆ ಅಳತೆ ಕೆಟ್ಟಿತು. ನಾಚ್‌ನಲ್ಲಿ ಹಿಮ ಕಟ್ಟದಂತೆ ಮುಚ್ಚಿದ ಚೀಲದಲ್ಲಿಟ್ಟು ತಣಿಸಿ. ನೈಲಾನ್ ಆದರೆ ಒಣ ಬಾರ್ ಮತ್ತು ತೇವ ಹೀರಿದ ಬಾರ್‌ಗಳನ್ನು ಗ್ರಾಫಿನ ಒಂದೇ ಗೆರೆಯಲ್ಲಿ ಸೇರಿಸಲೇಬೇಡಿ.

ಹ್ಯಾಮರ್ ಆಯ್ಕೆಯೂ ಕೈಕೊಡಬಹುದು. ಹೀರಿಕೊಂಡ ಶಕ್ತಿ ಹ್ಯಾಮರ್ ಸಾಮರ್ಥ್ಯದ 10ರಿಂದ 80 ಶೇಕಡಾ ಒಳಗಿರಬೇಕು. ಆದರೆ 5 ಜೂಲ್‌ವರೆಗಿನವು ಸೆಕೆಂಡಿಗೆ 2.9 ಮೀಟರ್, 7.5 ಜೂಲ್‌ನಿಂದ ಮೇಲಿನವು 3.8 ಮೀಟರ್ ವೇಗದಲ್ಲಿ ಬಡಿಯುತ್ತವೆ. ನಡುವೆ ಹ್ಯಾಮರ್ ಬದಲಿಸಿದರೆ ವೇಗವೂ ಬದಲಾಗಿ ಸಂಧಿ ಸರಿಯುತ್ತದೆ. ಬದಲಿಸಲೇಬೇಕಾದರೆ ವರದಿಯಲ್ಲಿ ಬರೆದಿಡಿ.

ಈಗ ಸರಾಸರಿಯ ಮಾತು. ಹತ್ತರಲ್ಲಿ ಐದು ಬಾರ್ ಚದರ ಮೀಟರಿಗೆ 4 ಕಿಲೋಜೂಲ್‌ಗೆ ಪೂರ್ತಿ ತುಂಡಾಗಿ, ಐದು 20ಕ್ಕೆ ಭಾಗಶಃ ಮುರಿದವು ಅಂದುಕೊಳ್ಳಿ. ಸರಾಸರಿ 12. ಅಷ್ಟು ಕೊಟ್ಟ ಬಾರ್ ಒಂದೂ ಇಲ್ಲ! ಪೂರ್ತಿ ಮುರಿದದ್ದು, ತೊಗಲಿನಂತೆ ನೇತಾಡುವುದು, ಭಾಗಶಃ ಮುರಿದದ್ದು, ಮುರಿಯದೇ ಉಳಿದದ್ದು ಎಂದು ಬೇರ್ಪಡಿಸಿ, ಪ್ರತಿಯೊಂದರ ಎಣಿಕೆ ಕೊಡಿ. ವಿನ್ಯಾಸ ಮಾಡುವವರಿಗೆ ಬೇಕಾದದ್ದು 12 ಅಲ್ಲ, ಹತ್ತರಲ್ಲಿ ಐದು ಸಿಡಿದವು ಎಂಬುದು. ನಾಚ್‌ನ ಸುತ್ತ ಬಿಳಿಚಿಕೊಂಡು ಅಂಚು ಒಳಕ್ಕೆ ಎಳೆದಿದ್ದರೆ ಡಕ್ಟೈಲ್. ನುಣುಪಾಗಿ ಹೊಳೆದು, ಮುಂದೆ ಒರಟಾದರೆ ಬ್ರಿಟಲ್.

ಬಾರ್ ಪಾಸಾಗಿಯೂ ಭಾಗ ಚಳಿಯಲ್ಲಿ ಒಡೆದರೆ, ಗ್ರೇಡ್ ಬದಲಿಸುವ ಮುನ್ನ ಬಿರುಕು ಹುಟ್ಟಿದ ಜಾಗ ಹುಡುಕಿ. ಗೇಟ್ (ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಬರುವ ಬಾಯಿ), ವೆಲ್ಡ್ ಲೈನ್ (ಎರಡು ಹರಿವುಗಳು ಕೂಡಿದ ಗೆರೆ), ರಿಬ್‌ನ (ಆಧಾರದ ಪಟ್ಟಿಯ) ಬುಡ, ಇವನ್ನೇ ಮೊದಲು ನೋಡುವುದು. ಒಳಮೂಲೆಯ ತ್ರಿಜ್ಯವನ್ನು 0.2ರಿಂದ 1 ಮಿ.ಮೀ.ಗೆ ಏರಿಸುವುದು ಹಲವು ಸಲ ದುಬಾರಿ ಗ್ರೇಡ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೋಲ್ಡಿಂಗ್ ಯಂತ್ರದ ಬ್ಯಾರಲ್‌ನಲ್ಲಿ ಪ್ಲಾಸ್ಟಿಕ್ ಹೆಚ್ಚು ಕಾದರೆ ಅಥವಾ ರೀಗ್ರೈಂಡ್ (ಪುಡಿಮಾಡಿ ಮತ್ತೆ ಬಳಸುವ ಪ್ಲಾಸ್ಟಿಕ್) ಜಾಸ್ತಿಯಾದರೆ ಸರಪಳಿಗಳು ತುಂಡಾಗಿರುತ್ತವೆ. ಒಡೆದ ಭಾಗದ ಮೆಲ್ಟ್ ಫ್ಲೋ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ) ಅಳೆದು ಹೊಸ ಪ್ಲಾಸ್ಟಿಕ್ ಹರಳಿನದರ ಪಕ್ಕದಲ್ಲಿಡಿ. ಭಾಗದ್ದು ಗಣನೀಯವಾಗಿ ಹೆಚ್ಚಿದ್ದರೆ ತೊಂದರೆ ಮೋಲ್ಡಿಂಗ್‌ನಲ್ಲಿದೆ.