ಹೈಸ್ಕೂಲ್ ಫೀಸು ತೆಗೆದರೆ ಮೇಷ್ಟ್ರುಗಳಿಗೆ ಒಪ್ಪಿಗೆಯಾ?

ನಾನು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಹೈಸ್ಕೂಲಿಗೂ ಫೀಸು ಪೂರ್ತಿ ತೆಗೆದುಬಿಟ್ಟರೆ ನಿಮಗೆ ಒಪ್ಪಿಗೆಯಾ ಎಂದು ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಕೇಳುತ್ತಲೇ ಇರುತ್ತಾರೆ. ಒಪ್ಪಿಗೆ. ಪೂರ್ತಿ ಒಪ್ಪಿಗೆ.

ಮಾತು ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಕೇಳಿದವರು ಬಿಡುವುದಿಲ್ಲ. "ಪುಕ್ಕಟೆ ಕೊಟ್ಟಿದ್ದಕ್ಕೆ ಬೆಲೆ ಇರುತ್ತಾ ಸಾರ್? ಕಾಸು ಕಟ್ಟಿದ್ರೇನೇ ಮಕ್ಕಳು ಓದೋದು." ಈ ಮಾತಿಗೆ ನನಗೆ ಮೈ ಉರಿಯುತ್ತದೆ. ಹೀಗೆ ಹೇಳುವವರು ಯಾರೂ ಫೀಸು ಬಾಕಿ ಪಟ್ಟಿ ಓದಿದವರಲ್ಲ. ಓದುವವರು ನಾವು, ಕ್ಲಾಸ್ ಟೀಚರ್‌ಗಳು. ಹಾಜರಿ ಕೂಗಿ ಮುಗಿಸುವ ಹೊತ್ತಿಗೆ ಆಫೀಸಿನಿಂದ ಪಟ್ಟಿ ಬರುತ್ತದೆ. ಹೆಸರು ಕರೆದ ಹಾಗೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ, ಮಿಕ್ಕವರು ತಿರುಗಿ ನೋಡುತ್ತಾರೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಬೀಜಗಣಿತದಲ್ಲಿ ಬಲು ಚುರುಕು, "ಅಪ್ಪ ಸೋಮವಾರ ಕೊಡ್ತಾರಂತೆ ಸಾರ್" ಅಂದ. ಸೋಮವಾರ ಅವನೇ ಬರಲಿಲ್ಲ. ಆಮೇಲೆ ಸಂತೆಯಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದಾಗ ಕಣ್ಣಿಗೆ ಬಿದ್ದ. ನನ್ನನ್ನು ನೋಡಿದವನೇ ಲಾರಿಯ ಹಿಂದಕ್ಕೆ ಸರಿದುಕೊಂಡ. ಓದಿನ ಬೆಲೆ ಗೊತ್ತಿಲ್ಲದ ಹುಡುಗ ಮೇಷ್ಟ್ರನ್ನು ಕಂಡು ಯಾಕೆ ಬಚ್ಚಿಟ್ಟುಕೊಳ್ಳುತ್ತಾನೆ?

"ಆರ್‌ಟಿಇ ಇದೆಯಲ್ಲ" ಅನ್ನುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಶಿಕ್ಷಣ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಮಾತ್ರ. ಹುಡುಗ ದುಡಿಯುವಷ್ಟು ಬೆಳೆದ ಎಂದು ಮನೆಯವರಿಗೆ ಅನ್ನಿಸುವ ವಯಸ್ಸಿಗೇ ಸರಿಯಾಗಿ ಕಾಯ್ದೆ ಕೈಬಿಡುತ್ತದೆ. ಹನ್ನೆರಡನೇ ತರಗತಿವರೆಗೂ ಅದನ್ನು ವಿಸ್ತರಿಸಿ ಎಂದು ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಬರೆದ ಕಸ್ತೂರಿರಂಗನ್ ಸಮಿತಿ 2019ರ ಆ ಕರಡಿನಲ್ಲೇ ಹೇಳಿತ್ತು. ಕಾಯ್ದೆ ಇನ್ನೂ ಎಂಟಕ್ಕೇ ನಿಂತಿದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ: ಆ ಫೀಸಿನ ದುಡ್ಡು ಎಲ್ಲಿಗೆ ಹೋಗುತ್ತದೆ? ನನ್ನ ಸಂಬಳಕ್ಕಲ್ಲ, ಅದನ್ನು ಸರ್ಕಾರ ಕೊಡುತ್ತದೆ. ನಮ್ಮಲ್ಲಿ ಕರೆಂಟ್ ಬಿಲ್ಲು, ಸೀಮೆಸುಣ್ಣ, ಪ್ರಶ್ನೆಪತ್ರಿಕೆಯ ಜೆರಾಕ್ಸು, ಶೌಚಾಲಯ ತೊಳೆಯುವ ಅಮ್ಮನ ಕೂಲಿ ಎಲ್ಲ ಅದರಲ್ಲೇ ಆಗಬೇಕು. ವಿಜ್ಞಾನದ ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಈಗ ಆ ಪಾಠ ಮಾಡುತ್ತಿರುವ ಹೆಣ್ಣುಮಗಳಿಗೆ ಗೌರವಧನ ಹೊರಡುವುದೂ ಫೀಸಿನಿಂದಲೇ. "ಫೀಸು ನಿಂತರೆ ಮೊದಲು ಅವಳನ್ನ ಮನೆಗೆ ಕಳಿಸ್ತಾರೆ" ಎಂದು ಸ್ಟಾಫ್ ರೂಮಿನಲ್ಲಿ ಹಿಂದಿ ಮೇಡಂ ಹೇಳಿದಾಗ ಯಾರೂ ಎದುರಾಡಲಿಲ್ಲ. ನಮ್ಮವರು ಹಿಂದೇಟು ಹಾಕುವುದು ಈ ಭಯಕ್ಕೆ. ಅದನ್ನು "ಮೇಷ್ಟ್ರುಗಳಿಗೇ ಬೇಡ" ಎಂದು ಊರ ತುಂಬ ಸಾರಬೇಡಿ.

2022ರ ಅಕ್ಟೋಬರ್‌ನಲ್ಲಿ ನಮ್ಮ ಶಿಕ್ಷಣ ಇಲಾಖೆ, ಸರ್ಕಾರಿ ಶಾಲೆಯ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಎಸ್‌ಡಿಎಂಸಿಗಳಿಗೆ (ಶಾಲೆಯ ಉಸ್ತುವಾರಿ ಸಮಿತಿಗಳಿಗೆ) ಸುತ್ತೋಲೆ ಕಳಿಸಿ, ಟೀಕೆ ಬಂದ ಮೇಲೆ ವಾಪಸ್ ತೆಗೆದುಕೊಂಡಿತು. ತೆಗೆದುಕೊಂಡದ್ದು ಸರಿ. ಆದರೆ ದೇಣಿಗೆ ಕೇಳುವ ಹಾಗೆ ಮಾಡಿದ ಖರ್ಚುಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಘಾನಾ ದೇಶದ ಉದಾಹರಣೆ ಎತ್ತುವವರೂ ಇದ್ದಾರೆ. ಅಲ್ಲಿ 2017ರಲ್ಲಿ ಸೀನಿಯರ್ ಹೈಸ್ಕೂಲಿನ ಫೀಸು ತೆಗೆದರು. ಮಕ್ಕಳು ಹಿಂಡುಹಿಂಡಾಗಿ ಬಂದರು. ಜಾಗ ಸಾಲದೆ 2018ರಲ್ಲಿ ಒಂದು ಗುಂಪು ಶಾಲೆಯಲ್ಲಿದ್ದರೆ ಇನ್ನೊಂದು ಗುಂಪು ರಜೆಯ ಮೇಲೆ ಮನೆಯಲ್ಲಿರುವ ಡಬಲ್ ಟ್ರ್ಯಾಕ್ ಪದ್ಧತಿ ತರಬೇಕಾಯಿತು. "ನೋಡಿ, ಪುಕ್ಕಟೆ ಮಾಡಿ ಕೆಡಿಸಿಕೊಂಡರು" ಅನ್ನುತ್ತಾರೆ. ಅಷ್ಟೊಂದು ಮಕ್ಕಳನ್ನು ಅಲ್ಲಿಯವರೆಗೆ ಹೊರಗೆ ನಿಲ್ಲಿಸಿದ್ದು ಏನು ಎಂದು ಇವರು ಯೋಚಿಸುವುದಿಲ್ಲ. ಕಟ್ಟಡ, ಮೇಷ್ಟ್ರು ಮೊದಲೇ ಸಿದ್ಧವಾಗಿರಬೇಕಿತ್ತು ಎನ್ನುವುದಾದರೆ ನನ್ನದೂ ಅದೇ ಮಾತು.

ಹಾಗಾಗಿ ನನ್ನ ಒಪ್ಪಿಗೆಯ ಜೊತೆ ಇಷ್ಟನ್ನೂ ಬರೆದುಕೊಳ್ಳಿ. ಖಾಲಿ ಹುದ್ದೆ ತುಂಬಬೇಕು. ಫೀಸಿನ ಬದಲಿಗೆ ಬರುವ ಅನುದಾನ ಒಂದೊಂದು ಮಗುವಿನ ಲೆಕ್ಕದಲ್ಲಿ ಶಾಲೆಯ ಖಾತೆಗೆ ಜಮಾ ಆಗಬೇಕು. ಅದೂ ಜೂನ್‌ನಲ್ಲಿ, ಶಾಲೆ ಶುರುವಾಗುವಾಗ. ವರ್ಷವೆಲ್ಲ ಕಾಯಿಸಿ ಮಾರ್ಚ್ ಕೊನೆಗೆ ಕಳಿಸಿದರೆ ಆ ವಿಜ್ಞಾನದ ಮೇಡಂಗೆ ಅಲ್ಲಿಯವರೆಗೆ ಗೌರವಧನ ಕೊಡುವವರು ಯಾರು?